ಕೂತಲ್ಲಿ ಕೂರದ ಮನೆತನ

ಮಕ್ಕಳ ಚೇಷ್ಟೆ ನೋಡುವ ಕೆಲಸ ಅಂದುಕೊಂಡು ನಾನು ಈ ಕೆಲಸಕ್ಕೆ ಸೇರಿದ್ದು. ಒಂದೇ ವಾರಕ್ಕೆ ಗೊತ್ತಾಯಿತು, ಬಾಗಿಲಲ್ಲಿ ಒಂದು ಮಗು ಕಾಣಿಸಿತು ಅಂದರೆ ಅದರ ಬೆನ್ನಿಗೇ ಎರಡು ತಲೆಮಾರು ಬರುತ್ತೆ, ನಗು ಬರುವಂಥದ್ದೆಲ್ಲ ನಡೆಯೋದು ಆ ಹಿಂದೆ ಬಂದವರ ಹತ್ತಿರವೇ ಅಂತ. ವಾರಕ್ಕೊಂದಾದರೂ ನಡೆಯದೆ ಇರಲ್ಲ.

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿಗೆ ಹತ್ತಿರ ಒಂದು ಮಕ್ಕಳ ಕ್ಲಿನಿಕ್ಕು. ಅಲ್ಲಿ ನಾನು ಕೌನ್ಸೆಲರ್. ಡಾಕ್ಟರಮ್ಮ ಮಗುವನ್ನ ನೋಡಿ ಇಂಥದ್ದು ಅಂತ ಹೇಳ್ತಾರೆ, ಹೇಳಿದ್ದನ್ನ ಮನೆಯವರ ತಲೆಗೆ ಇಳಿಸೋದು ನನ್ನ ಪಾಲು. ಹೋದ ವರ್ಷ ಬಂದ ಒಂದು ಕುಟುಂಬದ ತಲೆಗೆ ನಾನು ಏನೇನು ಇಳಿಸೋಕೆ ಹೋಗಿ ಏನೇನಾಯಿತು ಅನ್ನೋದೇ ಇದು.

ಹುಡುಗಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮನೆಯೂ ಸ್ಕೂಲೂ ಕೆಜಿಎಫ್‌ನಲ್ಲಿ. ಅಪ್ಪನಿಗೆ ಬಂಗಾರಪೇಟೆಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾರೆ. ಹುಡುಗಿ ಕ್ಲಾಸಲ್ಲಿ ಕೂರಲ್ಲ. ಟೀಚರು ಪ್ರಶ್ನೆ ಮುಗಿಸೋದರೊಳಗೆ ಉತ್ತರ ಕೂಗ್ತಾಳೆ, ಅದೂ ಒಂದೊಂದು ಸಲ ಮುಂದಿನ ಪ್ರಶ್ನೆಯ ಉತ್ತರ. ವಾರಕ್ಕೆ ಮೂರು ಪೆನ್ಸಿಲ್ ಕಳೀತಾಳೆ. ಹೊಸದಾಗಿ ಬಂದ ಹೆಡ್‌ಮಾಸ್ಟರು, ಈ ವರ್ಷದೊಳಗೆ ಸರಿಹೋಗದಿದ್ದರೆ ಟಿಸಿ ತಗೊಂಡು ಹೋಗಿ ಅಂದಿದ್ದರು. ಆ ಭಯಕ್ಕೇ ನಮ್ಮ ಹತ್ತಿರ ಬಂದಿದ್ದು.

ಫಾರಂ

ಮೊದಲ ದಿನ ನಾವು ಒಂದು ಫಾರಂ ಕೊಡ್ತೀವಿ. ‘ಶುರು ಮಾಡಿದ ಕೆಲಸ ಮುಗಿಸುವುದಿಲ್ಲ’, ‘ವಸ್ತುಗಳನ್ನು ಕಳೆದುಕೊಳ್ಳುವುದು’, ‘ಕೂತಲ್ಲಿ ಕೂರುವುದಿಲ್ಲ’ ಅಂತ ಸಾಲಾಗಿ ಇರುತ್ತೆ. ಹೌದು ಅನ್ನಿಸಿದ್ದಕ್ಕೆ ಟಿಕ್ ಹಾಕಬೇಕು. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು.

ಅವತ್ತು ಅಪ್ಪ ಒಬ್ಬನೇ ಮಗಳನ್ನ ಕರಕೊಂಡು ಬಂದಿದ್ದ. ಫಾರಂ ಕೈಗೆ ಕೊಟ್ಟೆ. ಮೂರನೇ ಸಾಲಿಗೆ ಬಂದಾಗ ಫೋನ್ ಬಂತು, ಎದ್ದು ಆಚೆ ಹೋದ. ಬಂದು ಕೂತು ನಾಲ್ಕನೇ ಸಾಲು ಓದುವಾಗ ತಲೆ ಎತ್ತಿ ನೋಡಿ, “ಮೇಡಂ, ಈ ಫ್ಯಾನ್ ಬೇರಿಂಗ್ ಓಗೈತೆ,” ಅಂದ. ನಾನು ಏನಾದರೂ ಹೇಳೋದರೊಳಗೆ ಕುರ್ಚಿ ಹತ್ತಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಏನೋ ಮಾಡಿದ. ವರ್ಷದಿಂದ ಕಿರುಗುಟ್ತಿದ್ದ ಫ್ಯಾನು ಮೌನವಾಯಿತು. “ಗಿರಾಕಿ ಕಾಯ್ತಾ ಅವ್ರೆ, ಬತ್ತೀನಿ,” ಅಂತ ಹೊರಟೇಬಿಟ್ಟ.

ಅರ್ಧ ಗಂಟೆ ಆದಮೇಲೆ ಏದುಸಿರು ಬಿಡ್ತಾ ವಾಪಸ್ ಬಂದ.

“ಮೇಡಂ, ನನ್ ಎಲ್ಮೆಟ್ ಏನಾದ್ರೂ ಇಲ್ಲೇ ಬಿಟ್ಟೋದ್ನಾ? ಸರ್ಕಲ್ಲಾಗೆ ಪೊಲೀಸ್ನೋರು ಇಡ್ಕೊಂಡ್ರು.”

ಕೊಟ್ಟೆ. ಹಾಕಿಕೊಂಡು ಬಾಗಿಲವರೆಗೂ ಹೋದ. ಮೂಲೆಯ ಕುರ್ಚಿಯಿಂದ ಮಗಳು ಹೇಳಿದಳು: “ಅಪ್ಪಾ, ನಾನೂ ಇದೀನಿ.”

ಎರಡು ದಿನ ಬಿಟ್ಟು ಅಮ್ಮ ತನ್ನ ಫಾರಂ ತಂದುಕೊಟ್ಟಳು. ಎಲ್ಲಾ ಸಾಲಿಗೂ ಟಿಕ್. ಕೆಲವಕ್ಕೆ ಪಕ್ಕದಲ್ಲಿ ವಿವರ ಬೇರೆ. ನಾನು ಓದ್ತಾ ಓದ್ತಾ ಕೇಳಿದೆ, “ಗಾಡಿ ಕೀ ಎಲ್ಲಿಟ್ಟೆ ಅಂತ ದಿನಾ ಬೆಳಗ್ಗೆ ಹುಡುಕಾಟ ಅಂತ ಬರೆದಿದ್ದೀರಲ್ಲ. ಎಂಟು ವರ್ಷದ ಮಗು ಕೈಗೆ ಗಾಡಿ ಕೀ ಯಾಕಮ್ಮ ಕೊಡ್ತೀರಾ?”

ಅವಳು ಫಾರಂ ಇಸಕೊಂಡು ಮೇಲಿನ ಸಾಲು ಓದಿದಳು. “ಮಗೂದು ತುಂಬ್ಬೇಕಿತ್ತಾ ಮೇಡಂ? ನಾನು ನಮ್ ಯಜಮಾನ್ರದ್ದು ಅಂದ್ಕೊಂಡು ತುಂಬ್ಬಿಟ್ಟೆ.”

ಯಾರ ಕಡೆಯದು

ಡಾಕ್ಟರಮ್ಮ ಎಡಿಎಚ್‌ಡಿ ಅಂತ ಹೇಳಿದರು. ಗಮನ ಒಂದು ಕಡೆ ನಿಲ್ಲಲ್ಲ, ಮೈ ಸುಮ್ಮನಿರಲ್ಲ, ಮನಸ್ಸಿಗೆ ಬಂದಿದ್ದು ತಡೆಯೋಕಾಗಲ್ಲ. ಇದು ಮಗುವಿನ ಕೊಬ್ಬೂ ಅಲ್ಲ, ತಾಯಿ ಬೆಳೆಸಿದ ತಪ್ಪೂ ಅಲ್ಲ, ಬಹುಮಟ್ಟಿಗೆ ವಂಶದಲ್ಲಿ ಹರಿದು ಬರೋದು, ಮನೆ ಹಿರಿಯರನ್ನ ಒಂದ್ಸಲ ಕರಕೊಂಡು ಬನ್ನಿ ಅಂದರು.

ಬಂದರು. ಅಪ್ಪನ ಅಪ್ಪ, ಕಾಮಸಮುದ್ರದ ಹತ್ತಿರದ ಹಳ್ಳಿಯವರು, ನಾಲ್ಕು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕೋರು. ಅಮ್ಮನ ಅಮ್ಮ, ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡೋರು. ಇಬ್ಬರನ್ನೂ ಎದುರುಬದುರು ಕೂರಿಸಿದ್ದು ನನ್ನ ತಪ್ಪು.

“ನಿಮ್ಮ ಕಡೆ ಯಾರಾದ್ರೂ ಚಿಕ್ಕಂದಿನಲ್ಲಿ ಹೀಗೆ ಇದ್ರಾ?” ಅಂತ ಡಾಕ್ಟರಮ್ಮ ಕೇಳಿದರು. ಇಬ್ಬರೂ ಅದನ್ನ ಪೊಲೀಸರು ಕೇಳಿದ ಹಾಗೆ ತಗೊಂಡರು.

“ನಮ್ ವಂಸದಾಗೆ ಯಾರೂ ಇಲ್ಲ ಕಣಮ್ಮಾ,” ಅಂದರು ತಾತ. “ನಮ್ಮೋರು ಕುಂತ್ರೆ ಕಲ್ಲು ಕುಂತಂಗೆ.” ಇಷ್ಟು ಹೇಳೋದರೊಳಗೆ ಅವರು ಎರಡು ಸಲ ಎದ್ದು ಕಿಟಕಿಯಲ್ಲಿ ಬಸ್ಸು ಬಂತಾ ನೋಡಿದರು.

“ನಮ್ಮ ಮನೇಲೂ ಎಲ್ಲಾ ಶಾಂತಮಾ ಇರ್ತಾರೆ,” ಅಂದರು ಅಜ್ಜಿ. “ಮದ್ವೆ ದಿನ ಮುಹೂರ್ತದಲ್ಲಿ ತಾಳಿ ಎಲ್ಲಿಟ್ಟೆ ಅಂತ ಹುಡ್ಕಿದ್ದು ಯಾರು, ಇವ್ರ ಮಗ ತಾನೇ?”

“ತಾಳಿ ಸಿಕ್ತಲ್ಲಮ್ಮಾ. ನಿಮ್ ಮಗಳು ಒಲೆ ಮ್ಯಾಲೆ ಆಲಿಟ್ಟು ಮರ್ತಳಲ್ಲ, ಪಾತ್ರೆ ಸಿಕ್ತಾ?”

ಈ ಜಗಳ ನಡೀತಿರುವಾಗ ಹುಡುಗಿ ನನ್ನ ಮೇಜಿನ ಕೆಳಗೆ ನುಗ್ಗಿದ್ದಳು. ಆ ಮೇಜಿನ ಒಂದು ಡ್ರಾಯರು ಮೂರು ತಿಂಗಳಿಂದ ಸಿಕ್ಕಿಕೊಂಡು ತೆಗೆಯೋಕೇ ಬರ್ತಿರಲಿಲ್ಲ. ಕಾರ್ಪೆಂಟರು ಬಂದು ನೋಡಿ, ಒಡೀಬೇಕು ಅಂದು ಹೋಗಿದ್ದ. ಹುಡುಗಿ ತಲೆಯ ಪಿನ್ನು ತೆಗೆದು ಹಿಂದಿನಿಂದ ಏನೋ ಕೆದಕಿದಳು. ಡ್ರಾಯರು ಸರ್ರನೆ ಆಚೆ ಬಂತು. ಒಳಗೆ ನಾನು ಕಳೆದುಹೋಯಿತು ಅಂತ ಕೈಬಿಟ್ಟಿದ್ದ ನನ್ನ ರೈಲ್ವೆ ಪಾಸು ಇತ್ತು.

ಎಲ್ಲರೂ ಬಗ್ಗಿ ಡ್ರಾಯರು ನೋಡಿದರು.

“ಇದು ನಮ್ ಕಡೇದು,” ಅಂದರು ತಾತ. “ನಮ್ಮಪ್ಪನೂ ಇಂಗೇ. ಯಾವ ಬೀಗ ಆಗ್ಲಿ, ಕೈ ಮಡಗಿದ್ರೆ ತೆಗೀತಿದ್ದ.”

“ಸುಮ್ನಿರಿ, ಇದು ನಮ್ಮ ರಕ್ತ,” ಅಂದರು ಅಜ್ಜಿ. “ನಮ್ಮ ಯಜಮಾನ್ರು ಮೈನ್ಸಲ್ಲಿ ಇದ್ರು, ಅಲ್ಲಿ ಮೆಷಿನ್ ನಿಂತ್ರೆ ಇಂಜಿನಿಯರ್‌ಗೆ ಮುಂಚೆ ಇವ್ರನ್ನ ಕೂಗ್ತಾ ಇದ್ರು. ಒಂದ್ ನಿಮಿಷ ಸುಮ್ನೆ ಕೂರ್ತಾ ಇರ್ಲಿಲ್ಲ.”

ಡಾಕ್ಟರಮ್ಮ ಪೆನ್ನು ಹಿಡಿದರು. “ಹಾಗಾದ್ರೆ ಎರಡೂ ಕಡೆಯಿಂದ ಬಂದಿದೆ ಅಂತ ಬರಕೊಳ್ಳಲಾ?”

ತಾತ ಅಜ್ಜಿಯ ಮುಖ ನೋಡಿದರು. ಅಜ್ಜಿ ತಲೆಯಾಡಿಸಿದರು. ಅವತ್ತು ಮೊದಲ ಸಲ ಇಬ್ಬರಿಗೂ ರಾಜಿಯಾಯಿತು.

“ಬುದ್ಧಿ ಎಲ್ಡೂ ಕಡೇದು ಅಂತ ಬರ್ಕೊಳ್ಳಮ್ಮ,” ಅಂದರು ತಾತ. “ಕಾಯಿಲೆ ಬೇಕಾದ್ರೆ ಇಸ್ಕೂಲ್ದು ಅಂತ ಆಕು.”

ಮನೆ ಬದಲಾಯಿಸಿ

ಅವತ್ತು ಎಲ್ಲರೂ ಹೋದಮೇಲೆ ಅವರನ್ನ ಕರಕೊಂಡು ಬಂದಿದ್ದ ಅಪ್ಪ ಒಬ್ಬನೇ ಹಿಂದೆ ಉಳಿದ. ಅಪರೂಪಕ್ಕೆ ಕೂತೇ ಇದ್ದ.

“ನನ್ನಿಂದಾನಾ ಮೇಡಂ ಅವಳ್ಗೆ ಬಂದಿದ್ದು?”

ಅವನ ಕಥೆ ಹೇಳಿದ. ಸ್ಕೂಲಲ್ಲಿ ಅವನನ್ನ ಕ್ಲಾಸಿಗಿಂತ ಆಚೆ ನಿಲ್ಲಿಸಿದ್ದೇ ಹೆಚ್ಚು. ಮನೆಗೆ ಹೋದರೆ ಅಪ್ಪನ ಕೈಯಲ್ಲಿ ಏಟು. ಸ್ಕೂಲಿನ ಎದುರಿಗೆ ಒಂದು ಮೋಟಾರ್ ಅಂಗಡಿ ಇತ್ತು. “ಆಚೆ ನಿಂತೂ ನಿಂತೂ ನೋಡ್ತಾನೇ ಕೆಲ್ಸ ಕಲ್ತ್ಬಿಟ್ಟೆ ಮೇಡಂ. ಮೇಷ್ಟ್ರುಗಳು ಒಳಗೆ ಕೂರ್ಸಿದ್ರೆ ಇವತ್ತು ನಂಗೆ ಅನ್ನ ಇರ್ತಿರ್ಲಿಲ್ಲ,” ಅಂತ ನಕ್ಕ. ನಕ್ಕಿದ್ದು ಅರ್ಧಕ್ಕೇ ನಿಂತಿತು. “ಆದ್ರೆ ನನ್ ಮಗಳು ಆಚೆ ನಿಲ್ಬಾರ್ದು.”

ಅವನಿಗೆ ಸಮಾಧಾನವೂ ಆಗಬೇಕು, ವಿಷಯವೂ ಸರಿಯಾಗಿ ತಿಳಿಯಬೇಕು ಅಂತ ನಿಧಾನವಾಗಿ ಹೇಳಿದೆ. “ನೋಡಪ್ಪ, ಇದು ಯಾರ ತಪ್ಪೂ ಅಲ್ಲ. ಹುಟ್ಟುಗುಣ ಬಂದುಬಿಟ್ಟಿರುತ್ತೆ. ಆದ್ರೆ ಆ ಗುಣ ಮಗೂಗೆ ಎಷ್ಟು ಕಷ್ಟ ಕೊಡುತ್ತೆ ಅನ್ನೋದ್ರಲ್ಲಿ ಮನೆ ಪಾಲೂ ಇದೆ. ಬೈಗುಳ, ಏಟು, ಊಟಕ್ಕೊಂದು ಹೊತ್ತಿಲ್ಲ, ನಿದ್ದೆಗೊಂದು ಹೊತ್ತಿಲ್ಲ ಅಂದ್ರೆ ಜಾಸ್ತಿಯಾಗುತ್ತೆ. ಅಪ್ಪ ಅಮ್ಮ ಅನ್ನೋರು ಮಗೂಗೆ ರಕ್ತಾನೂ ಕೊಡ್ತಾರೆ, ಮನೇನೂ ಕೊಡ್ತಾರೆ. ರಕ್ತ ಬದಲಾಯಿಸೋಕೆ ನಮ್ಮ ಕೈಯಲ್ಲಾಗಲ್ಲ. ಮನೆ ಬದಲಾಯಿಸಬಹುದು.”

ಅವನು ತಲೆಯಾಡಿಸಿ, “ಆಯ್ತು ಮೇಡಂ, ಮಾಡ್ತೀನಿ,” ಅಂತ ಕೈಮುಗಿದು ಹೋದ. ಈ ಸಲ ಹೆಲ್ಮೆಟ್ಟೂ ತಗೊಂಡು ಹೋದ. ನನ್ನ ಮಾತಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ನಾಲ್ಕನೇ ದಿನ ಅವನ ಹೆಂಡತಿ ಫೋನ್ ಮಾಡಿದಳು. “ಮೇಡಂ, ನಮ್ ಮನೇಲಿ ಏನು ದೋಷ ಐತೆ ಅಂತ ಏಳಿದ್ರಿ? ಇವ್ರು ಬ್ರೋಕರ್ ಕರ್ಕೊಂಡು ಊರೆಲ್ಲಾ ಬಾಡಿಗೆ ಮನೆ ನೋಡ್ತಾ ಅವ್ರೆ.”

ಹಾಲು ಕೊಡದವಳು

ತಿಂಗಳಿಗೊಂದು ಶನಿವಾರ ಕ್ಲಿನಿಕ್ಕಿನಲ್ಲಿ ಮನೆಯವರ ಸಭೆ ಇರುತ್ತೆ. ಬಾಡಿಗೆ ಮನೆಯ ಪಾಠ ಆದಮೇಲೆ ನಾನು ಉಪಮೆ ಬದಲಾಯಿಸಿದ್ದೆ. “ಹುಟ್ಟುಗುಣ ಬೀಜ ಇದ್ದ ಹಾಗೆ, ಮನೆ ಮಣ್ಣಿದ್ದ ಹಾಗೆ,” ಅಂತ ಶುರು ಮಾಡಿದೆ.

ಹಿಂದಿನ ಸಾಲಿನಿಂದ ತಾತ ಕೈ ಎತ್ತಿದರು. “ಎಂಥಾ ಮಣ್ಣಮ್ಮಾ? ಕೆಮ್ಮಣ್ಣಾ, ಕಪ್ಪು ಮಣ್ಣಾ?”

“ಯಾವುದೋ ಒಂದು ಮಣ್ಣು ತಾತ.”

“ಯಾವ್ದೋ ಒಂದು ಅಂದ್ರೆ ಬೇಸಾಯ ಎಂಗಾಯ್ತದೆ? ಟೊಮೇಟೊನೋ ರಾಗಿನೋ?”

ಸಭೆಯಲ್ಲಿದ್ದ ಅರ್ಧ ಜನ ಬೇಸಾಯದವರು. ಹತ್ತು ನಿಮಿಷ ಟೊಮೇಟೊ ಗಿಡದ ಎಲೆ ಮುದುರೋ ರೋಗದ ಬಗ್ಗೆ ಚರ್ಚೆ ನಡೀತು. ನಾನು ಕೈಚೆಲ್ಲಿ ಕೂತೆ. ಕೊನೆಗೆ ತಾತನೇ ಕರುಣೆ ತೋರಿಸಿ ಎದ್ದು ನಿಂತರು.

“ಈ ಯಮ್ಮ ಏಳೋದು ಇಷ್ಟೇ ಕಣ್ರಪ್ಪಾ. ಅಸುವಿನ ತಳಿ ಒಂದು, ಸಾಕೋ ಕೈ ಒಂದು. ಕೆಲವು ತಳಿ ಉಟ್ಟಿನಿಂದ್ಲೇ ಬೆದರು. ಅದ್ಕೆ ಒಡೆದು ಗದರಿ ಕರೆಯಕ್ಕೋದ್ರೆ ಆಲು ಮ್ಯಾಕೆ ಎಳ್ಕಂತದೆ, ಒದೀತದೆ. ಅದೇ ಅಸುವಿಗೆ ದಿನಾ ಒಂದೇ ಒತ್ತಿಗೆ ಮೇವಿಕ್ಕಿ, ಬೆನ್ನು ಸವರಿ ಕುಂತ್ರೆ ಬಿಂದಿಗೆ ತುಂಬ ಕೊಡ್ತದೆ. ತಳಿ ಅದೇ. ಕೈ ಬ್ಯಾರೆ.”

ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಿದ್ದರು. ಇಷ್ಟು ಚೆನ್ನಾಗಿ ತಮಗೆ ಕಾಲೇಜಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾತ ಮೀಸೆ ಮೇಲೆ ಕೈ ಆಡಿಸಿಕೊಂಡರು.

ಸೊಸೆ ಮೆಲ್ಲಗೆ ಕೇಳಿದಳು, “ಇಷ್ಟೆಲ್ಲಾ ಗೊತ್ತಿದ್ರೂ ಮಾವ, ಮೊಮ್ಮಗಳು ಊರಿಗೆ ಬಂದಾಗ ಯಾಕೆ ಅಂಗೆ ಗದರ್ತೀರಾ?”

ತಾತ ಮೀಸೆಯಿಂದ ಕೈ ತೆಗೆದರು. “ಅವ್ಳು ಆಲು ಕೊಡಾಕಿಲ್ವಲ್ಲಮ್ಮಾ.”

ರೈಲಿನಲ್ಲಿ ಸಿಕ್ಕ ಶಿಸ್ತು

ಒಂದು ಸಂಜೆ ಮಾರಿಕುಪ್ಪಂ ರೈಲಿನಲ್ಲಿ ಎದುರಿಗೆ ಕೂತ ಹಿರಿಯರೊಬ್ಬರು ನನ್ನ ಕೆಲಸ ಏನು ಅಂತ ಕೇಳಿದರು. ಹೇಳಿದೆ. ಹೇಳಬಾರದಿತ್ತು.

“ಅದೆಲ್ಲಾ ಸುಳ್ಳಮ್ಮ,” ಅಂದರು. “ವಂಶವೂ ಇಲ್ಲ, ವಾತಾವರಣವೂ ಇಲ್ಲ. ಬೆಲ್ಟು ತೆಗೆದು ಎರಡು ಬಿಟ್ರೆ ಗಮನ ತಾನಾಗಿ ನಿಲ್ಲುತ್ತೆ. ನಮ್ಮಪ್ಪ ನನಗೆ ಹಾಗೇ ಕಲಿಸಿದ್ದು. ಇವತ್ತಿಗೂ ನನ್ನ ಗಮನ ಕೂದಲೆಳೆಯಷ್ಟು ಅತ್ತಿತ್ತ ಹೋಗಲ್ಲ.” ಬೆಲ್ಟಿನ ಉಪಯೋಗಗಳನ್ನ ವಿವರವಾಗಿ ಹೇಳ್ತಾ ಬಂದರು. ರೈಲು ನಿಂತಿತು. ನಾನು ಎದ್ದೆ.

“ನೀವು ಎಲ್ಲಿ ಇಳಿಯೋದು ಸಾರ್?”

“ಉರಿಗಾಂ.”

“ಉರಿಗಾಂ ಹಿಂದೆ ಹೋಯಿತು. ಇದು ಮಾರಿಕುಪ್ಪಂ, ಇಲ್ಲಿಂದ ಮುಂದೆ ಹಳಿಯೇ ಇಲ್ಲ.”

ಅವರು ಕಿಟಕಿಯಾಚೆ ನೋಡಿದರು, ಆಮೇಲೆ ನನ್ನನ್ನ ನೋಡಿದರು. “ನೀವೇ ಮಾತಾಡಿಸಿ ನನ್ನ ಗಮನ ಕೆಡಿಸಿದ್ದು.”

ಸ್ಟಾರು

ಮನೆ ಬದಲಾಯಿಸೋದು ಅಂದರೆ ಮನೆ ವಾತಾವರಣ ಬದಲಾಯಿಸೋದು ಅಂತ ಕೊನೆಗೆ ನಾನೇ ಬರೆದುಕೊಟ್ಟೆ. ಬ್ಯಾಗಿಗೆ ಒಂದು ಮೊಳೆ, ಚಪ್ಪಲಿಗೆ ಒಂದು ಜಾಗ. ಊಟ, ಓದು, ನಿದ್ದೆಗೆ ದಿನಾ ಒಂದೇ ಹೊತ್ತು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಮಾಡಿದರೆ ಗೋಡೆ ಚಾರ್ಟಿನಲ್ಲಿ ಒಂದು ಸ್ಟಾರ್ ಅಂಟಿಸಬೇಕು. ಚಾರ್ಟಿನಲ್ಲಿ ಅಪ್ಪನ ಹೆಸರೂ ಇರಲಿ ಅಂದೆ. ದೊಡ್ಡವರು ಮಾಡಿದರೆ ಮಕ್ಕಳೂ ಮಾಡ್ತಾರೆ.

ಒಂದು ಸಲಕ್ಕೆ ಒಂದೇ ಮಾತು ಅನ್ನೋದು ಅಮ್ಮನಿಗೇ ಕಷ್ಟವಾಯಿತು. ಫೋನ್ ಮಾಡಿ ಹೇಳಿದಳು, “ಮೊದ್ಲು ನೀರು ಕುಡಿ ಅಂದೆ ಮೇಡಂ. ಕುಡುದ್ಲು. ‘ಆಮೇಲೆ ಏನಮ್ಮ’ ಅಂತ ಮುಂದೆ ಬಂದು ನಿಂತ್ಲು. ನಂಗೇ ಮರ್ತೋಯ್ತು.”

ಆದರೂ ನಿಧಾನಕ್ಕೆ ಮನೆ ಒಂದು ಹಳಿಗೆ ಬಂತು. ತಿಂಗಳಾದ ಮೇಲೆ ಹುಡುಗಿ ಚಾರ್ಟ್ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಹರಡಿದಳು. ಅವಳ ಸಾಲಿನಲ್ಲಿ ಸ್ಟಾರುಗಳು ಸಾಲುಗಟ್ಟಿದ್ದವು. ಅಪ್ಪನ ಸಾಲಿನಲ್ಲಿ ಮೂರು.

“ಅಪ್ಪ ಪ್ರಯತ್ನ ಪಡ್ತಿದ್ದಾರೆ ಅಲ್ವಾ?” ಅಂದೆ.

“ಪಡ್ತಾರೆ ಆಂಟಿ. ನಿನ್ನೆ ಚಪ್ಪಲಿ ಸರಿಯಾಗಿ ಬಿಟ್ರು, ಆದ್ರೆ ಪಕ್ಕದ ಮನೆ ಬಾಗ್ಲಲ್ಲಿ ಬಿಟ್ರು. ಒಂದ್ ಸ್ಟಾರ್ ಸಾಲ ಕೊಡು, ನಾಳೆ ವಾಪಸ್ ಕೊಡ್ತೀನಿ ಅಂತ ಕೇಳ್ತಾರೆ.”

“ಕೊಟ್ಟೆಯಾ?”

ಹುಡುಗಿ ನನಗೆ ಪಾಠ ಹೇಳೋ ಹಾಗೆ ಮುಖ ಮಾಡಿದಳು. “ಕೊಟ್ರೆ ಮನೆ ವಾತಾವರಣ ಕೆಡಲ್ವಾ ಆಂಟಿ?”

ಟಿಸಿ

ವರ್ಷದ ಕೊನೆ ಬಂತು. ಹೆಡ್‌ಮಾಸ್ಟರು ಕರೆಸಿದರು. ಅಪ್ಪ, ಅಮ್ಮ, ಅಜ್ಜಿ, ಹುಡುಗಿ, ಅವರ ಜೊತೆ ನಾನು. ಅಮ್ಮ ದಾರಿಯುದ್ದಕ್ಕೂ ಮಗಳ ಜಡೆ ಸರಿಮಾಡ್ತಾನೇ ಇದ್ದಳು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಮನೆಯಲ್ಲಿ ಸುಧಾರಿಸಿದ್ದಾಳೆ ಅಂತ ನಾನು ಹೇಳಿದ್ದನ್ನ ಕೇಳಿಸಿಕೊಂಡರು. “ಓದಿನಲ್ಲಿ ಮುಂದೆ ಬಂದಿದ್ದಾಳೆ, ಒಪ್ತೀನಿ,” ಅಂದರು. “ಆದ್ರೆ ಮೇಡಂ, ನಲವತ್ತು ಮಕ್ಕಳನ್ನ ಒಬ್ಬ ಟೀಚರ್ ನೋಡಬೇಕು. ಇವಳು ಗಂಟೆಗೆ ನಾಲ್ಕು ಸಲ ಎದ್ದು ಓಡಾಡ್ತಾಳೆ. ಇಂಥ ಮಗುವನ್ನ ನನ್ನ ಜೀವಮಾನದಲ್ಲೇ ನೋಡಿಲ್ಲ.” ಮೇಜಿನ ಮೇಲಿದ್ದ ಒಂದು ಕಾಗದವನ್ನ ಮುಂದಕ್ಕೆ ತಳ್ಳಿದರು.

ಅಷ್ಟು ಹೊತ್ತೂ ಅಜ್ಜಿ ಬಗ್ಗಿಕೊಂಡೇ ಕೂತಿದ್ದರು. ಅವರು ಹೆಡ್‌ಮಾಸ್ಟರ ಮುಖ ನೋಡ್ತಿರಲಿಲ್ಲ, ಮೇಜಿನ ಕೆಳಗೆ ಅವರ ಕಾಲು ನೋಡ್ತಿದ್ದರು. ಆ ಕಾಲು ಹೊಲಿಗೆ ಮೆಷಿನ್ ತುಳಿದ ಹಾಗೆ ಒಂದೇ ಸಮನೆ ಅಲ್ಲಾಡ್ತಿತ್ತು.

“ತಂಬಿ,” ಅಂದರು ಅಜ್ಜಿ. “ಈ ಕಾಲು ಇನ್ನೂ ನಿಂತಿಲ್ವಾ?”

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನೋಡ್ತಾ ನೋಡ್ತಾ ಎದ್ದು ನಿಂತರು. “ಆಯಮ್ಮಾ?”

ಆ ಅಜ್ಜಿ ಅದೇ ಸ್ಕೂಲಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದರಂತೆ. ಆ ಹೆಡ್‌ಮಾಸ್ಟರು ಅದೇ ಸ್ಕೂಲಿನಲ್ಲಿ ಓದಿದವರಂತೆ. ಇದು ಹೇಳಬೇಕಾದ ವಿಷಯ ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಜ್ಜಿ ನನ್ನ ಕಡೆ ತಿರುಗಿದರು. “ಮೂರನೇ ಕ್ಲಾಸಲ್ಲಿ ಈ ತಂಬಿನ ಹಿಡ್ಕೊಳ್ಳೋದೇ ನನ್ನ ಡ್ಯೂಟಿ ಮೇಡಂ. ಕಿಟಕಿಲಿ ಹಾರ್ತಾನೆ ಅಂತ ಟೀಚರು ನನ್ನ ಪಕ್ಕದಲ್ಲಿ ಕೂರ್ಸಿದ್ರು. ಒಂದಿನ ನಾನು ನೀರು ತರೋಕೆ ಹೋಗಿದ್ದೆ. ಇವ್ನು ಹನ್ನೊಂದು ಗಂಟೆಗೇ ಲಾಂಗ್ ಬೆಲ್ ಹೊಡ್ದ. ಇಡೀ ಸ್ಕೂಲು ಮನೆಗೆ ಹೋಯ್ತು. ನಾನು ನೀರು ತಂದು ನೋಡ್ತೀನಿ, ಒಬ್ರೂ ಇಲ್ಲ. ಬೆಲ್ ಹೊಡೆಯೋದು ನನ್ನ ಕೆಲ್ಸ, ಅದಕ್ಕೆ ಬೈಗುಳ ನಂಗೆ.”

ಹುಡುಗಿ ಬಾಯಿ ತೆರೆದುಕೊಂಡು ಹೆಡ್‌ಮಾಸ್ಟರನ್ನೇ ನೋಡ್ತಿದ್ದಳು. ಆ ಕಣ್ಣಲ್ಲಿ ಅಷ್ಟು ಗೌರವ ನಾನು ಮೊದಲು ಕಂಡಿರಲಿಲ್ಲ.

“ನೀವು ನನ್ನ ಹೆಸರು ಹೇಳಲಿಲ್ಲ ಆಯಮ್ಮ,” ಅಂದರು ಹೆಡ್‌ಮಾಸ್ಟರು ಮೆಲ್ಲಗೆ. “ಯಾರು ಹೊಡೆದಿದ್ದು ಅಂತ ಕೇಳಿದಾಗ ಗೊತ್ತಿಲ್ಲ ಅಂದ್ರಿ.”

“ಹೇಳಿದ್ರೆ ಟಿಸಿ ಕೊಡ್ತಾ ಇದ್ರು ತಂಬಿ.”

ಹೆಡ್‌ಮಾಸ್ಟರು ಆ ಕಾಗದ ತಗೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಎದ್ದು ನಿಂತು, “ಸಾರ್, ನಿಮ್ ಬೋರ್‌ವೆಲ್ ಮೋಟಾರ್ ಸೌಂಡ್ ಸರಿಗಿಲ್ಲ, ನಾಳೆ ಬಂದು ನೋಡ್ತೀನಿ,” ಅಂದ.

ಹುಡುಗಿಗೆ ಎದ್ದು ಓಡಾಡೋಕೆ ಒಂದು ನೆಪ ಬೇಕು, ಕ್ಲಾಸಿನ ನಡುವೆ ಏನಾದರೂ ಕೆಲಸ ಕೊಡಿ ಸಾರ್ ಅಂತ ನಾನು ಕೇಳಿಕೊಂಡೆ. ಅಂಗಳದ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನ ತೂಗುಹಾಕಿದ್ದರು. ಅದೇ ಸ್ಕೂಲಿನ ಗಂಟೆ. ಪೀರಿಯಡ್ಡಿಗೊಂದು ಸಲ ಗಡಿಯಾರ ನೋಡಿ ಗಂಟೆ ಹೊಡೆಯೋ ಕೆಲಸ ಅವಳಿಗೆ ಅಂತ ಹೆಡ್‌ಮಾಸ್ಟರು ಅಲ್ಲೇ ತೀರ್ಮಾನ ಮಾಡಿದರು.

ಹುಡುಗಿ ಈಗ ಅದೇ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು. ಗಡಿಯಾರ ನೋಡೋ ನೆಪದಲ್ಲಿ ಅವಳಿಗೆ ಹೊತ್ತಿನ ಲೆಕ್ಕವೂ ಬಂದಿದೆ, ಎದ್ದು ಹೋಗಿಬಂದ ಮೇಲೆ ಕೂತು ಬರೆಯೋ ತಾಳ್ಮೆಯೂ ಬಂದಿದೆ. ಟೀಚರೇ ಹೇಳಿದ್ದು ಇದು. ಆದರೆ ಗಂಟೆ ಕೈಗೆ ಬಂದ ಎರಡನೇ ವಾರದಲ್ಲಿ ನಡೆದದ್ದನ್ನ ಹೇಳದೆ ಇದ್ದರೆ ತಪ್ಪಾಗುತ್ತೆ.

ಅವತ್ತು ನಾನು ಕ್ಲಿನಿಕ್ಕಿನಲ್ಲಿದ್ದೆ. ಹೆಡ್‌ಮಾಸ್ಟರ ಫೋನು.

“ಮೇಡಂ, ಆಯಮ್ಮ ಹೇಳಿದ್ರಲ್ಲ, ನಾನು ಸ್ಕೂಲು ಬಿಡಿಸಿದ್ದು ಹನ್ನೊಂದು ಗಂಟೆಗೆ ಅಂತ.”

“ಹೌದು ಸಾರ್.”

“ಇವಳು ಹತ್ತೂವರೆಗೇ ಬಿಡಿಸಿಬಿಟ್ಟಳು.”

“ಸಾರ್, ದಯವಿಟ್ಟು ಟಿಸಿ ಗಿಸಿ ಅಂತ ಮಾತ್ರ...”

“ಟಿಸಿ ಹೇಗೆ ಕೊಡಲಿ ಮೇಡಂ,” ಅಂದರು ಹೆಡ್‌ಮಾಸ್ಟರು. “ಬರೆಯೋಕೆ ಗುಮಾಸ್ತ ಬೇಕಲ್ಲ. ಬೆಲ್ ಆಯ್ತು ಅಂತ ಅವನೂ ಮನೆಗೆ ಹೋದ.”